ಸಂಜೆ ನಾಲ್ಕಾದರೆ ಕಣ್ಣುರಿ: ಕಂಪ್ಯೂಟರ್ ಮುಂದೆ ಕೂರುವವರಿಗೆ

ಪ್ರಶ್ನೆ: ನನಗೆ 41 ವರ್ಷ. ಬೆಳ್ಳಂದೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಿನಕ್ಕೆ ಒಂಬತ್ತು ಹತ್ತು ಗಂಟೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಇನ್ನೊಂದು ಮಾನಿಟರ್. ಮಧ್ಯಾಹ್ನದವರೆಗೆ ತೊಂದರೆ ಇಲ್ಲ. ಸಂಜೆ ನಾಲ್ಕರ ಹೊತ್ತಿಗೆ ಕಣ್ಣುರಿ, ಮರಳು ಬಿದ್ದ ಹಾಗೆ ಚುಚ್ಚುವುದು, ಇದ್ದಕ್ಕಿದ್ದಂತೆ ನೀರು ಸುರಿಯುವುದು. ಅಕ್ಷರ ಮಬ್ಬಾಗುತ್ತದೆ, ಕಣ್ಣು ಮಿಟುಕಿಸಿದರೆ ಸರಿಹೋಗುತ್ತದೆ. ಮನೆಗೆ ಹೊರಟಾಗ ಬಸ್ಸಿನ ಬೋರ್ಡು ಓದುವುದು ಕಷ್ಟ. ಮೈನಸ್ 2 ಕನ್ನಡಕ ಇದೆ. ಮೊಬೈಲ್ ನೋಡುವಾಗ ಅದನ್ನು ತೆಗೆದರೆ ಹಾಯೆನಿಸುತ್ತದೆ. ಆರು ತಿಂಗಳ ಹಿಂದೆ ಅಂಗಡಿಯಲ್ಲಿ ಹೇಳಿದರೆಂದು ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸ್ ಹಾಕಿಸಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಮೆಡಿಕಲ್ ಸ್ಟೋರಿನಿಂದ ಕೆಂಪು ಹೋಗಿಸುವ ಡ್ರಾಪ್ಸ್ ತಂದು ಹಾಕುತ್ತಿದ್ದೇನೆ. ಧೂಳಿನ ಅಲರ್ಜಿಗೆ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಅಮ್ಮ ಹರಳೆಣ್ಣೆ ಬಿಡು ಅನ್ನುತ್ತಾರೆ. ನನ್ನ ದೃಷ್ಟಿ ಹೋಗುತ್ತಿದೆಯಾ? ಈ ಕೆಲಸ ಬಿಡಬೇಕಾ? ಎಂಟು ವರ್ಷದ ಮಗನಿಗೂ ಬ್ಲೂ ಕಟ್ ಹಾಕಿಸಲಾ?

ಉತ್ತರ: ಮೊದಲು ನಿಮ್ಮ ಭಯದ ಬಗ್ಗೆ. ನೀವು ಬರೆದಿರುವುದನ್ನು ಓದಿದರೆ ದೃಷ್ಟಿ ಹೋಗುತ್ತಿರುವಂತೆ ಕಾಣುವುದಿಲ್ಲ. ದೊಡ್ಡವರಲ್ಲಿ ಕಂಪ್ಯೂಟರ್ ನೋಡಿ ನೋಡಿ ಕಣ್ಣಿನ ನರವೋ, ಹಿಂಭಾಗದ ಪರದೆಯಾದ ರೆಟಿನಾವೋ ಹಾಳಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕೆಲಸ ಬಿಡುವ ಯೋಚನೆ ಬೇಡ. ಹಾಗಂತ ನಿಮ್ಮ ಉರಿ ಸುಳ್ಳಲ್ಲ. ಅದಕ್ಕೆ ಕಾರಣವಿದೆ, ಪರಿಹಾರವೂ ಇದೆ. ಆದರೆ ಆ ಪರಿಹಾರ ನೀವು ದುಡ್ಡು ಕೊಟ್ಟು ತಂದ ಗ್ಲಾಸಿನಲ್ಲೂ ಇಲ್ಲ, ಡ್ರಾಪ್ಸಿನಲ್ಲೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು, ‘ಮಿಟುಕಿಸಿದರೆ ಸರಿಹೋಗುತ್ತದೆ’ ಎನ್ನುವುದು. ಮಿಟುಕಿಸಿದ ತಕ್ಷಣ ಮಬ್ಬು ಹೋಗುತ್ತದೆ ಎಂದರೆ ತೊಂದರೆ ಹೆಚ್ಚಾಗಿ ಕಣ್ಣಿನ ಒಳಗಿಲ್ಲ, ಮೇಲಿದೆ. ಕಣ್ಣನ್ನು ಸದಾ ಒದ್ದೆಯಾಗಿಡುವ ಕಣ್ಣೀರಿನ ಪೊರೆಯಲ್ಲಿದೆ.

ಕಣ್ಣೀರು ಬರೀ ನೀರಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಅಂಟಿಕೊಳ್ಳಲು ಕೆಳಗೆ ಲೋಳೆ, ಅದರ ಮೇಲೆ ನೀರು, ಆ ನೀರು ಆರಿಹೋಗದಂತೆ ಎಲ್ಲಕ್ಕಿಂತ ಮೇಲೆ ತೆಳುವಾದ ಎಣ್ಣೆ. ರೆಪ್ಪೆ ಮುಚ್ಚಿ ತೆರೆದಾಗಲೆಲ್ಲ ಈ ಪೊರೆ ಹೊಸದಾಗಿ ಹರಡಿಕೊಳ್ಳುತ್ತದೆ. ಸುಮ್ನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಮಿಟುಕಿಸುತ್ತೇವೆ. ಸ್ಕ್ರೀನ್ ಮೇಲೆ ಗಮನ ನೆಟ್ಟಾಗ ಅದು 5ಕ್ಕೋ 7ಕ್ಕೋ ಇಳಿಯುತ್ತದೆ. ಇನ್ನೂ ಒಂದು ತೊಂದರೆ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಮಿಟುಕಿಸುವ ಆ ಐದಾರು ಸಲದಲ್ಲೂ ಎಷ್ಟೋ ಸಲ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಮೇಲಿನ ರೆಪ್ಪೆ ಅರ್ಧಕ್ಕೆ ಬಂದು ವಾಪಸ್ ಹೋಗುತ್ತದೆ. ಕಣ್ಣಿನ ಕೆಳಭಾಗ ಗಂಟೆಗಟ್ಟಲೆ ಗಾಳಿಗೆ ಬಿದ್ದಿರುತ್ತದೆ.

ನಂಬಿಕೆ ಬರದಿದ್ದರೆ ನಾಳೆ ನಿಮ್ಮ ಮೊಬೈಲನ್ನು ಮಾನಿಟರ್ ಪಕ್ಕ ನಿಲ್ಲಿಸಿ ಐದು ನಿಮಿಷ ನಿಮ್ಮ ಮುಖದ ವಿಡಿಯೋ ಮಾಡಿ. ಕೋಡ್ ಬರೆಯುವಾಗ ಅಥವಾ ಎಕ್ಸೆಲ್ ನೋಡುವಾಗ ಮಾಡಿ, ಮೀಟಿಂಗಿನಲ್ಲಿ ಮಾತಾಡುವಾಗ ಬೇಡ. ಆಮೇಲೆ ನೋಡಿ ಎಣಿಸಿ. ರೆಪ್ಪೆ ಎರಡೂ ಒಂದಕ್ಕೊಂದು ತಾಗಿದವು ಎಷ್ಟು, ಅರ್ಧಕ್ಕೇ ತಿರುಗಿದವು ಎಷ್ಟು ಎಂದು ನಿಮಗೇ ಗೊತ್ತಾಗುತ್ತದೆ.

ಕ್ಲಿನಿಕ್ಕಿನಲ್ಲಿ ಇದನ್ನು ನಾವು ಬೇರೆ ರೀತಿ ನೋಡುತ್ತೇವೆ. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಬರುತ್ತದೆ. ಅದರ ತುದಿ ಒದ್ದೆ ಮಾಡಿ ಕೆಳರೆಪ್ಪೆಯ ಒಳಗೆ ಒಂದು ಸಲ ತಾಗಿಸುತ್ತೇವೆ. ನೋವಿಲ್ಲ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ನೀಲಿ ಬೆಳಕು ಬಿಟ್ಟರೆ ಕಣ್ಣಿನ ಮೇಲಿನ ನೀರೆಲ್ಲ ಹೊಳೆಯುವ ಹಸಿರು. ಈಗ ಮಿಟುಕಿಸಬೇಡಿ ಎಂದು ಹೇಳಿ ಸೆಕೆಂಡು ಎಣಿಸುತ್ತೇವೆ. ಪೊರೆ ಚೆನ್ನಾಗಿದ್ದರೆ ಆ ಹಸಿರು 10 ಸೆಕೆಂಡಾದರೂ ಒಂದೇ ಸಮ ಇರಬೇಕು. ಕಂಪ್ಯೂಟರ್ ಕೆಲಸದವರಲ್ಲಿ ಮೂರ್ನಾಲ್ಕು ಸೆಕೆಂಡಿಗೇ ಅದರಲ್ಲಿ ಕಪ್ಪು ಚುಕ್ಕಿ ಮೂಡುವುದನ್ನು ಎಷ್ಟೋ ಸಲ ನೋಡುತ್ತೇನೆ. ಚುಕ್ಕಿ ಗೆರೆಯಾಗುತ್ತದೆ, ಗೆರೆ ಅಗಲವಾಗುತ್ತದೆ. ಆ ಕಪ್ಪು ಜಾಗದಲ್ಲಿ ಪೊರೆ ಒಡೆದಿದೆ, ಕಾರ್ನಿಯಾ ಒಣಗಿದೆ ಎಂದರ್ಥ. ದೇಹದಲ್ಲಿ ಅತಿ ಹೆಚ್ಚು ನರದ ತುದಿಗಳಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಹಾಗಾಗಿಯೇ ಅಷ್ಟು ಚುಚ್ಚುತ್ತದೆ.

ಕಣ್ಣು ಒಣಗಿದೆ ಅಂತೀರಿ, ಆದರೆ ನೀರು ಸುರಿಯುತ್ತದಲ್ಲ ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಒಣಗಿದ ಕಾರ್ನಿಯಾ ಕಿರಿಕಿರಿಯಾಗಿ ಮಿದುಳಿಗೆ ಸುದ್ದಿ ಕಳಿಸುತ್ತದೆ. ಕಣ್ಣೀರ ಗ್ರಂಥಿ ಒಮ್ಮೆಗೇ ನೀರು ಬಿಡುತ್ತದೆ. ಈರುಳ್ಳಿ ಹೆಚ್ಚುವಾಗ ಬರುವುದೂ ಇದೇ ಜಾತಿಯ ನೀರು. ಇದು ಕೆನ್ನೆಗೆ ಹರಿದುಹೋಗುತ್ತದೆ ಅಷ್ಟೇ. ಕಣ್ಣಿನ ಮೇಲೆ ನಿಲ್ಲಲು ಬೇಕಾದ ಎಣ್ಣೆ, ಲೋಳೆ ಇದರಲ್ಲಿ ಸಾಲದು. ಅದಕ್ಕೇ ನೀರು ಸುರಿದ ಮೇಲೂ ಉರಿ ಹೋಗುವುದಿಲ್ಲ.

ಇದಕ್ಕೆ ನಮ್ಮ ಬೆಂಗಳೂರು ತನ್ನ ಪಾಲನ್ನೂ ಸೇರಿಸುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿನ ಗಾಳಿ ತುಂಬಾ ಒಣಗಿರುತ್ತದೆ. ನಿಮ್ಮ ಆಫೀಸಿನಲ್ಲಿ ವರ್ಷವಿಡೀ ಎಸಿ. ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಕ್ಯಾಬಿನ ಎಸಿ ನೇರ ಮುಖಕ್ಕೆ ಬೀಸುತ್ತಿರುತ್ತದೆ. ಸ್ಕೂಟರಿನವರಾದರೆ ವೈಸರ್ ಎತ್ತಿಕೊಂಡು ಹೊಗೆ, ಧೂಳು ಎಲ್ಲ ಕಣ್ಣಿಗೆ. ಕ್ಯಾಬಿನಲ್ಲಿ ಆ ಕಿಂಡಿಯನ್ನು ಬೇರೆ ಕಡೆ ತಿರುಗಿಸಿ. ಆಫೀಸಿನಲ್ಲಿ ನಿಮ್ಮ ತಲೆಯ ಮೇಲೆ ಎಸಿ ಗಾಳಿ ಬೀಳುತ್ತಿದ್ದರೆ ಫೆಸಿಲಿಟಿಯವರಿಗೆ ಹೇಳಿ ದಿಕ್ಕು ಬದಲಿಸಿ, ಇಲ್ಲವಾದರೆ ಸೀಟು ಬದಲಿಸಿ. ಸಂಕೋಚ ಬೇಡ.

ಈಗ ನಿಮ್ಮ ಅಲರ್ಜಿ ಮಾತ್ರೆ. ಸೀನು, ಮೂಗು ಸೋರುವುದಕ್ಕೆ ಈ ಊರಿನಲ್ಲಿ ಎಷ್ಟೋ ಜನ ಸೆಟ್ರಿಜಿನ್ ಥರದ ಮಾತ್ರೆ ನುಂಗುತ್ತಾರೆ. ಮೂಗಿನ ನೀರು ಒಣಗಿಸುವ ಮಾತ್ರೆ ಕೆಲವರಲ್ಲಿ ಕಣ್ಣಿನ ನೀರನ್ನೂ ಕಡಿಮೆ ಮಾಡುತ್ತದೆ. ನೀವಾಗೇ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರಿಗೆ ಕಣ್ಣಿನ ವಿಷಯ ಹೇಳಿ, ಮೂಗಿಗೆ ಹೊಡೆಯುವ ಸ್ಪ್ರೇ ಸಾಕಾಗುತ್ತದಾ ಎಂದು ಕೇಳಿ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಖಿನ್ನತೆಯ ಮಾತ್ರೆಗಳು ಕೂಡ ಕಣ್ಣು ಒಣಗಿಸುತ್ತವೆ. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ನುಂಗುವ ಮಾತ್ರೆಗಳನ್ನೆಲ್ಲ ಹೇಳಬೇಕು. ಹೆಚ್ಚಿನವರು ಹೇಳುವುದೇ ಇಲ್ಲ. ಅಂದ ಹಾಗೆ, ಉರಿಗಿಂತ ತುರಿಕೆ ಜಾಸ್ತಿ ಇದ್ದರೆ ಅದು ಹೆಚ್ಚಾಗಿ ಅಲರ್ಜಿ. ಆಗ ಉಜ್ಜಬೇಡಿ, ತಣ್ಣನೆಯ ಬಟ್ಟೆ ಇಟ್ಟುಕೊಳ್ಳಿ. ವರ್ಷಗಟ್ಟಲೆ ಕಣ್ಣು ಉಜ್ಜುವವರಲ್ಲಿ ಕಾರ್ನಿಯಾದ ಆಕಾರವೇ ಕೆಡುವ ಅಪಾಯವಿದೆ.

ಚಿಕಿತ್ಸೆಗೆ ಬರೋಣ. ಮೊದಲು ಎಣ್ಣೆ. ಈ ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳಿಂದ. ಪೂರ್ತಿ ಮಿಟುಕಿಸಿದಾಗ ರೆಪ್ಪೆಯ ಒತ್ತಡಕ್ಕೆ ಎಣ್ಣೆ ಹೊರಬರುತ್ತದೆ. ಮಿಟುಕಿಸದಿದ್ದರೆ ಅಲ್ಲೇ ಉಳಿದು, ಚಳಿಗಾಲದಲ್ಲಿ ಡಬ್ಬಿಯೊಳಗಿನ ತುಪ್ಪ ಗಟ್ಟಿಯಾಗುತ್ತದಲ್ಲ, ಹಾಗೆ ಗಟ್ಟಿಯಾಗುತ್ತದೆ. ಅದನ್ನು ಕರಗಿಸಲು ಬಿಸಿ ಬೇಕು. ಶುದ್ಧವಾದ ಹತ್ತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ. ಮೊದಲು ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿ, ಸುಡಬಾರದು. ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಒಂದೆರಡು ನಿಮಿಷಕ್ಕೆ ಆರಿಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಬಿಸಿ ಮಾಡಿಕೊಳ್ಳಬೇಕು. ಜನ ತಪ್ಪುವುದು ಇಲ್ಲೇ. ಒಂದು ಸಲ ಇಟ್ಟು, ಅದು ತಣ್ಣಗಾದ ಮೇಲೂ ಹಾಗೇ ಕೂತಿರುತ್ತಾರೆ. ಆಮೇಲೆ ಕೈ ತೊಳೆದು, ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ ಮೆಲ್ಲಗೆ ಸವರಿ. ಕಣ್ಣುಗುಡ್ಡೆ ಒತ್ತಬೇಡಿ. ದಿನಕ್ಕೊಂದು ಸಲ, ರಾತ್ರಿ ಮಲಗುವ ಮುಂಚೆ ಒಳ್ಳೆಯ ಸಮಯ. ಎರಡು ಮೂರು ವಾರ ಬಿಡದೆ ಮಾಡಿದರೆ ಗೊತ್ತಾಗುತ್ತದೆ.

ಎರಡನೆಯದು ಮಿಟುಕಿಸುವ ಅಭ್ಯಾಸ. ಕಣ್ಣನ್ನು ಮೆತ್ತಗೆ ಪೂರ್ತಿ ಮುಚ್ಚಿ, ಎರಡು ಸೆಕೆಂಡು ಹಾಗೇ ಬಿಡಿ, ತೆರೆಯಿರಿ. ಹೀಗೆ ಹತ್ತು ಸಲ. ಮೇಲ್ ಕಳಿಸಿದಾಗ, ಬಿಲ್ಡ್ ಓಡುತ್ತಿರುವಾಗ, ಕಾಲ್ ಸೇರಲು ಕಾಯುತ್ತಿರುವಾಗ ಮಾಡಿ. 20-20-20 ಎಂಬ ನಿಯಮ ಕೇಳಿರುತ್ತೀರಿ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. ನೆನಪಿಟ್ಟುಕೊಳ್ಳಲು ಸುಲಭ ಎಂದು ಮಾಡಿದ ಲೆಕ್ಕ ಅದು, ಆ ಸಂಖ್ಯೆಗಳಲ್ಲೇ ಶಕ್ತಿ ಇದೆ ಅಂತಲ್ಲ. ಕಿಟಕಿಯಾಚೆ ದೂರದ ಕಟ್ಟಡವನ್ನೋ ಮರವನ್ನೋ ನೋಡಿದರೆ ಕಣ್ಣೊಳಗಿನ ಸ್ನಾಯು ಸಡಿಲವಾಗುತ್ತದೆ, ಮಿಟುಕಿಸುವುದೂ ತಾನಾಗಿ ಜಾಸ್ತಿಯಾಗುತ್ತದೆ. ಆದರೆ ವಿರಾಮ ಅಂತ ಎದ್ದು ಹೋಗಿ ಕಾಫಿ ಮೆಷಿನ್ ಪಕ್ಕ ಮೊಬೈಲ್ ತೆಗೆದರೆ ಅದು ವಿರಾಮ ಅಲ್ಲ. ಕಣ್ಣಿಗೆ ಅದು ಇನ್ನೂ ಹತ್ತಿರದ ಕೆಲಸ.

ಮೂರನೆಯದು ಡ್ರಾಪ್ಸ್. ಕೆಂಪು ಹೋಗಿಸುವ ಡ್ರಾಪ್ಸನ್ನು ಇವತ್ತೇ ನಿಲ್ಲಿಸಿ. ನಾಫಜೋಲಿನ್ ಥರದ ಔಷಧ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕಣ್ಣು ಬೆಳ್ಳಗೆ ಕಾಣುತ್ತದೆ. ಅದರ ಪರಿಣಾಮ ಇಳಿದಾಗ ನಾಳಗಳು ಮೊದಲಿಗಿಂತ ಜಾಸ್ತಿ ಹಿಗ್ಗುತ್ತವೆ. ಮತ್ತೆ ಹಾಕುತ್ತೀರಿ, ಮತ್ತೆ ಕೆಂಪಾಗುತ್ತದೆ. ಒಣಗುವುದಕ್ಕೆ ಅದು ಔಷಧವೇ ಅಲ್ಲ. ನಿಮಗೆ ಬೇಕಾದದ್ದು ಕಣ್ಣೀರಿನ ಬದಲಿಗೆ ಹಾಕುವ ಲೂಬ್ರಿಕೆಂಟ್ ಡ್ರಾಪ್ಸ್. ಬಾಟಲಿಯ ಮೇಲೆ ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹಯಾಲುರೊನೇಟ್ ಎಂದಿರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಹಾಕಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಅದೇ ಕಣ್ಣನ್ನು ಕೆರಳಿಸುತ್ತದೆ. ಉರಿ ಶುರುವಾದ ಮೇಲೆ ಹಾಕುವುದಕ್ಕಿಂತ ಮೊದಲೇ ಹಾಕುವುದು ಒಳ್ಳೆಯದು. ನಿಮಗೆ ನಾಲ್ಕಕ್ಕೆ ಶುರುವಾಗುತ್ತದೆ ಅಂದರೆ ಒಂದು ಹನಿ ಮಧ್ಯಾಹ್ನ ಊಟ ಆದ ಮೇಲೆ, ಇನ್ನೊಂದು ಮೂರಕ್ಕೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ತೆರೆದ ದಿನಾಂಕವನ್ನು ಅದರ ಮೇಲೆ ಪೆನ್ನಿನಲ್ಲಿ ಬರೆದು, ಲೇಬಲ್ ಬೇರೆ ಹೇಳದಿದ್ದರೆ ಒಂದು ತಿಂಗಳಿಗೆ ಎಸೆಯಿರಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ ಕಣ್ಣು ಕೆಂಪಾಗಿದೆ ಅಂದರೆ ಕೆಲವೊಮ್ಮೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಥರದ ಸ್ಟಿರಾಯ್ಡ್ ಇರುವ ಹನಿಯನ್ನು ಕೊಟ್ಟುಬಿಡುತ್ತಾರೆ. ಅದು ಒಂದೇ ದಿನದಲ್ಲಿ ಹಾಯೆನಿಸುತ್ತದೆ. ಅದೇ ಅಪಾಯ. ಡಾಕ್ಟರ ಕಣ್ಗಾವಲಿಲ್ಲದೆ ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಹಾಗೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕಂಪ್ಯೂಟರಿನಿಂದ ಹೋಗದ ಕಣ್ಣು ಇಂಥ ಹನಿಯಿಂದ ಹೋಗುತ್ತದೆ ಎನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ. ನಿಮ್ಮ ಮನೆಯಲ್ಲಿರುವ ಬಾಟಲಿಯ ಹೆಸರನ್ನು ಒಮ್ಮೆ ಓದಿ ನೋಡಿ.

ಅಮ್ಮನಿಗೆ ಬೇಸರ ಮಾಡಬೇಡಿ, ಆದರೆ ಹರಳೆಣ್ಣೆ ಕಣ್ಣಿನೊಳಗೆ ಬೇಡ. ನೆತ್ತಿಗೆ, ಅಂಗಾಲಿಗೆ ಹಚ್ಚಿಕೊಳ್ಳಿ, ಅಡ್ಡಿಯಿಲ್ಲ. ಡಬ್ಬಿಯ ಎಣ್ಣೆ, ಜೇನು, ರೋಸ್ ವಾಟರ್ ಯಾವುದೂ ಕಣ್ಣಿಗೆ ಬಿಡಲು ಶುದ್ಧ ಮಾಡಿದ್ದಲ್ಲ. ನಲ್ಲಿ ನೀರನ್ನು ಮತ್ತೆ ಮತ್ತೆ ಕಣ್ಣಿಗೆ ಎರಚಿಕೊಳ್ಳುವುದೂ ಅಷ್ಟೇ. ಆ ಕ್ಷಣ ತಂಪು, ಆದರೆ ಇದ್ದ ಪೊರೆಯೂ ತೊಳೆದುಹೋಗುತ್ತದೆ. ಕ್ಯಾರೆಟ್ ತಿನ್ನಿ, ಒಳ್ಳೆಯದೇ. ವಿಟಮಿನ್ ಎ ಕೊರತೆ ಇಲ್ಲದವರಿಗೆ ಅದರಿಂದ ಈ ಉರಿ ಇಳಿಯುವುದಿಲ್ಲ.

ಬ್ಲೂ ಕಟ್ ಬಗ್ಗೆ. ನಿಮಗೆ ವ್ಯತ್ಯಾಸ ಕಾಣದಿದ್ದದ್ದು ಸಹಜ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಕಂಪ್ಯೂಟರ್ ಕೆಲಸದ ಕಣ್ಣಿನ ಆಯಾಸಕ್ಕೆ ಬ್ಲೂ ಕಟ್ ಗ್ಲಾಸಿನಿಂದ ಮಾಮೂಲಿ ಗ್ಲಾಸಿಗಿಂತ ಹೆಚ್ಚಿನ ಲಾಭ, ಕಡೇ ಪಕ್ಷ ಕಡಿಮೆ ಅವಧಿಯಲ್ಲಿ, ಕಾಣಲಿಲ್ಲ. ಸ್ಕ್ರೀನಿನಿಂದ ಬರುವ ನೀಲಿ ಬೆಳಕು ಹಗಲಿನ ಬಿಸಿಲಿನಲ್ಲಿ ಇರುವುದರ ಮುಂದೆ ತೀರಾ ಕಡಿಮೆ. ಹಾಕಿಸಿಕೊಂಡ ಗ್ಲಾಸಿನಿಂದ ಕೆಡುಕಿಲ್ಲ, ಬಳಸಿ. ಮುಂದಿನ ಸಲ ಅದಕ್ಕೆ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಸರಿಯಾದ ಕಣ್ಣಿನ ಪರೀಕ್ಷೆ ಮಾಡಿಸಬಹುದು.

ನಿಮಗೆ ಅದು ಬೇಕೇ ಬೇಕು. ಕನ್ನಡಕ ತೆಗೆದರೆ ಮೊಬೈಲ್ ಹಾಯೆನಿಸುತ್ತದೆ ಎಂದಿರಲ್ಲ, ಅದು ಚಾಳೀಸು ಶುರುವಾದ ಗುರುತು. ನಲವತ್ತರ ಸುಮಾರಿಗೆ ಕಣ್ಣೊಳಗಿನ ಲೆನ್ಸ್ ಬಿರುಸಾಗಿ, ಹತ್ತಿರಕ್ಕೆ ಫೋಕಸ್ ಮಾಡುವ ಶಕ್ತಿ ಇಳಿಯುತ್ತದೆ. ಎಲ್ಲರಿಗೂ ಬರುತ್ತದೆ, ಕಂಪ್ಯೂಟರ್ ಮುಟ್ಟದವರಿಗೂ ಬರುತ್ತದೆ. ಲೆಕ್ಕ ಹೀಗಿದೆ. ದೂರದ ಕನ್ನಡಕ ಹಾಕಿಕೊಂಡು 60 ಸೆಂಟಿಮೀಟರ್ ದೂರದ ಮಾನಿಟರ್ ನೋಡಲು ಕಣ್ಣು ಸುಮಾರು 1.7 ಡಯಾಪ್ಟರ್ (ಫೋಕಸ್ ಶಕ್ತಿಯ ಅಳತೆ) ಶ್ರಮ ಹಾಕಬೇಕು. 30 ಸೆಂಟಿಮೀಟರ್‌ನಲ್ಲಿ ಹಿಡಿದ ಮೊಬೈಲಿಗೆ ಸುಮಾರು 3.3. ಇರುವ ಶಕ್ತಿಯ ಅರ್ಧದಷ್ಟನ್ನು ಬಳಸಿ ಆರಾಮಾಗಿ ಕೆಲಸ ಮಾಡಬಹುದು, ಅದಕ್ಕಿಂತ ಮೇಲೆ ಹೋದರೆ ದಣಿವು. ನಿಮ್ಮ ವಯಸ್ಸಿನಲ್ಲಿ ಮೊಬೈಲ್ ಆ ಗೆರೆ ದಾಟಿಸುತ್ತದೆ. ದಿನವಿಡೀ ಬಿಗಿಹಿಡಿದ ಸ್ನಾಯು ಸಂಜೆ ತಕ್ಷಣ ಸಡಿಲವಾಗುವುದಿಲ್ಲ. ಬಸ್ಸಿನ ಬೋರ್ಡು ಮಬ್ಬಾಗುವುದರಲ್ಲಿ ಅದರ ಪಾಲೂ ಇದೆ.

ಇದೇ ಕಾರಣಕ್ಕೆ ಸಂಜೆ ಕೆಲಸ ಮುಗಿಸಿ ದಣಿದ ಕಣ್ಣಿನಲ್ಲಿ ಹೋಗಿ ನಂಬರ್ ತೆಗೆಸಬೇಡಿ. ಬಿಗಿದ ಸ್ನಾಯುವಿನಿಂದ ಮೈನಸ್ ನಂಬರ್ ಇರುವುದಕ್ಕಿಂತ ಜಾಸ್ತಿ ಬರಬಹುದು. ಒಣಗಿದ ಪೊರೆಯೂ ಲೆಕ್ಕ ತಪ್ಪಿಸುತ್ತದೆ. ಬರೀ ಕಂಪ್ಯೂಟರ್ ಟೆಸ್ಟಿಂಗ್‌ನ ಚೀಟಿ ನೋಡಿ ಗ್ಲಾಸ್ ಮಾಡಿಸುವುದು ಬೇಡ. ರಜೆಯ ದಿನ ಬೆಳಿಗ್ಗೆ ಹೋಗಿ. ಮಾನಿಟರ್ ಎಷ್ಟು ದೂರದಲ್ಲಿದೆ ಎಂದು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಪರೀಕ್ಷೆ ಮಾಡುವವರಿಗೆ ಹೇಳಿ. ಕಂಪ್ಯೂಟರಿನ ದೂರಕ್ಕೆ ಬೇರೆ ಕನ್ನಡಕ ಬೇಕಾಗಬಹುದು. ಅದು ಮೇಜಿನ ಮುಂದೆ ಮಾತ್ರ, ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಗ್ಲಾಸ್ ಕೊಟ್ಟರೆ ಒಂದು ಗಮನಿಸಿ. ಹತ್ತಿರದ ಪವರ್ ಕೆಳಗಿರುತ್ತದೆ, ಮಾನಿಟರ್ ಎದುರಿಗಿರುತ್ತದೆ. ಅಕ್ಷರ ಕಾಣಲು ಗದ್ದ ಎತ್ತಿ ಕೂರುತ್ತಾರೆ. ಕಣ್ಣು ನೋವು ಹೋಗಿ ಕತ್ತು ನೋವು ಬರುತ್ತದೆ.

ಮೇಜಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಕೆಳಗೆ ನೋಡಿದಾಗ ರೆಪ್ಪೆ ಕಣ್ಣನ್ನು ಜಾಸ್ತಿ ಮುಚ್ಚಿರುತ್ತದೆ, ನೀರು ಕಡಿಮೆ ಆರುತ್ತದೆ. ದೂರ 50ರಿಂದ 70 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಕೈ ಚಾಚಿದಷ್ಟು. ಎರಡನೇ ಮಾನಿಟರ್ ಕೂಡ ಅದೇ ದೂರ, ಅದೇ ಎತ್ತರದಲ್ಲಿರಲಿ. ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಅಕ್ಷರ ದೊಡ್ಡದು ಮಾಡಿಕೊಳ್ಳಿ. ಡಾರ್ಕ್ ಮೋಡ್ ಇಷ್ಟವಾದರೆ ಬಳಸಿ, ಕಣ್ಣಿಗೆ ಅದು ಒಳ್ಳೆಯದು ಎಂಬ ನಂಬಿಕೆ ಬೇಡ.

ಮಗನ ವಿಷಯ ಬೇರೆ. ಅವನಿಗೆ ಬ್ಲೂ ಕಟ್ ಬೇಡ, ಬಯಲು ಬೇಕು. ಬೆಳೆಯುವ ಕಣ್ಣಿನಲ್ಲಿ ಹತ್ತಿರದ ಕೆಲಸ ಜಾಸ್ತಿಯಾಗಿ ಹೊರಗಿನ ಬೆಳಕು ಕಡಿಮೆಯಾದರೆ ಮೈನಸ್ ನಂಬರ್ ಬರುವ ಸಾಧ್ಯತೆ ಏರುತ್ತದೆ. ನಿಮಗೆ ಮೈನಸ್ ಇರುವುದರಿಂದ ಅವನಿಗೆ ಆ ಸಾಧ್ಯತೆ ಮೊದಲೇ ಸ್ವಲ್ಪ ಜಾಸ್ತಿ. ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಆಡಲಿ. ಅಪಾರ್ಟ್‌ಮೆಂಟಿನ ಅಂಗಳವಾದರೂ ಸರಿ, ಹತ್ತಿರದ ಪಾರ್ಕಾದರೂ ಸರಿ. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ನಂಬರ್ ನೋಡಿಸಿ. ಈಗಲೇ ನಂಬರ್ ಇದ್ದು ಬೇಗ ಏರುತ್ತಿದ್ದರೆ ಅದನ್ನು ನಿಧಾನಗೊಳಿಸುವ ಚಿಕಿತ್ಸೆಗಳಿವೆ, ತಡಮಾಡದೆ ಕೇಳಿ.

ಕೆಲವು ಲಕ್ಷಣಗಳನ್ನು ಮಾತ್ರ ಕಂಪ್ಯೂಟರ್ ತಲೆಗೆ ಕಟ್ಟಬಾರದು. ಒಂದೇ ಕಣ್ಣು ಇದ್ದಕ್ಕಿದ್ದಂತೆ ಮಬ್ಬಾಗುವುದು, ಮಿಂಚು ಹೊಳೆದ ಹಾಗೆ ಕಾಣುವುದು, ಕಪ್ಪು ಚುಕ್ಕಿಗಳು ಒಮ್ಮೆಗೇ ಜಾಸ್ತಿಯಾಗುವುದು, ಪರದೆ ಬಿದ್ದಂತಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ಜೋರು ನೋವಿನ ಜೊತೆ ಬೆಳಕು ನೋಡಲಾಗದಿರುವುದು. ಇವುಗಳಲ್ಲಿ ಯಾವುದೇ ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣು ಕೆಂಪಾಗಿ ನೋವಿದ್ದರೆ ಲೆನ್ಸ್ ತೆಗೆದು ಅವತ್ತೇ ತೋರಿಸಬೇಕು.

ನಿಮಗೆ ಅಂಥ ತುರ್ತು ಕಾಣುವುದಿಲ್ಲ. ಆದರೂ ಈ ತಿಂಗಳು ಒಮ್ಮೆ ತೋರಿಸಿ. ದೊಡ್ಡ ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ, ಚಾಮರಾಜಪೇಟೆಯ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಗೂ ಹೋಗಬಹುದು. ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಕಣ್ಣೀರಿನ ಪೊರೆ ಎಷ್ಟು ಸೆಕೆಂಡು ನಿಲ್ಲುತ್ತದೆ, ಮೈಬೋಮಿಯನ್ ಗ್ರಂಥಿ ಹೇಗಿದೆ, ಕಣ್ಣಿನ ಒತ್ತಡ ಎಷ್ಟು ಎಂದು ಕೇಳಿ. ನಲವತ್ತು ದಾಟಿದವರು ಹನಿ ಹಾಕಿಸಿ ರೆಟಿನಾ, ನರ ಎರಡನ್ನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಪಾಪೆ ಹಿಗ್ಗಿ ಕೆಲವು ಗಂಟೆ ಮಬ್ಬಿರುತ್ತದೆ, ಗಾಡಿ ತೆಗೆದುಕೊಂಡು ಹೋಗಬೇಡಿ. ಬಿಸಿ ಬಟ್ಟೆ, ಮಿಟುಕಿಸುವುದು, ಸರಿಯಾದ ಹನಿ, ಸರಿಯಾದ ನಂಬರ್ ಇಷ್ಟನ್ನು ಆರು ವಾರ ಬಿಡದೆ ಮಾಡಿಯೂ ಉರಿ ಇಳಿಯದಿದ್ದರೆ ಮತ್ತೆ ಹೋಗಿ. ಬಾಯಿಯೂ ಒಣಗುತ್ತಿದ್ದರೆ, ಕೀಲು ನೋವಿದ್ದರೆ ಅದನ್ನೂ ಹೇಳಿ. ಆಗ ಥೈರಾಯ್ಡ್, ಕಣ್ಣು ಬಾಯಿ ಎರಡನ್ನೂ ಒಣಗಿಸುವ ಶೋಗ್ರೆನ್ ಥರದ ಕಾಯಿಲೆಗಳಿವೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ.